ತೂಕ ಇಳಿದದ್ದು ಮೂರೇ ಕೆಜಿ, ಲಿವರ್ ಮಾತ್ರ ಸುಧಾರಿಸಿತು

"ಏಳೆಂಟು ಪರ್ಸೆಂಟ್ ತೂಕ ಇಳಿಸದೆ ಫ್ಯಾಟಿ ಲಿವರ್ ಹೋಗಲ್ಲ ಕಣೋ, ಸುಮ್ನೆ ಮೆಟ್ಟಿಲು ಸವೆಸ್ತಿದ್ದೀಯ." ಭಾವ ಫೋನಿನಲ್ಲಿ ಹೀಗೆ ನಕ್ಕಿದ್ದರು. ಅವರಿಗೋಸ್ಕರವೇ ಬರೆಯುತ್ತಿದ್ದೇನೆ ಅಂದರೂ ತಪ್ಪಿಲ್ಲ.

2020ರ ಫೆಬ್ರವರಿ. ಸ್ಕ್ಯಾನ್‌ನಲ್ಲಿ ಗ್ರೇಡ್ 2 ಫ್ಯಾಟಿ ಲಿವರ್, ಅಂದರೆ ಲಿವರಿನಲ್ಲಿ ಮಧ್ಯಮ ಮಟ್ಟದ ಕೊಬ್ಬು. ಲಿವರಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ ತೊಂಬತ್ತರ ಆಸುಪಾಸು. ಗಾಬರಿಯಲ್ಲಿ ಜಿಮ್ಮಿಗೆ ವರ್ಷದ ಫೀಸು ಒಟ್ಟಿಗೇ ಕಟ್ಟಿದೆ. ಅರ್ಧ ತಿಂಗಳ ಸಂಬಳ. ಮಾರ್ಚ್‌ನಲ್ಲಿ ಜಿಮ್ ಬಾಗಿಲು ಹಾಕಿತು, ದುಡ್ಡು ವಾಪಸ್ ಬರಲೇ ಇಲ್ಲ. ಬುದ್ಧಿ ಬರಲಿಲ್ಲ ನೋಡಿ, ಉಳಿದರ್ಧಕ್ಕೆ ಸೈಕಲ್ ಮೆಷಿನ್ ತರಿಸಿದೆ. ಕೆಲವೇ ದಿನಕ್ಕೆ ಪೆಡಲ್ ಕಳಚಿತು. ರಿಪೇರಿಗೆ ಬರುವವರು ಯಾರು? ಎಲ್ಲರೂ ಮನೆಯೊಳಗೆ.

ಆಮೇಲೆ ವಿಡಿಯೋ ನೋಡಿಕೊಂಡು ಸಂಜೆ ಒಂದು ಗಂಟೆ ಬೆವರು ಸುರಿಸಿದೆ. ಮೂರು ತಿಂಗಳಾದರೂ ಎಸ್‌ಜಿಪಿಟಿ ಅಲ್ಲೇ ಇತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಒಂದು ದಿನ ಲೆಕ್ಕ ಹಾಕಿದೆ: ಸಂಜೆಯ ಆ ಗಂಟೆ ಬಿಟ್ಟರೆ ಹನ್ನೊಂದು ಗಂಟೆ ಕುರ್ಚಿಯಲ್ಲೇ!

ಜುಲೈಯಿಂದ ಆ ಒಂದು ಗಂಟೆಯನ್ನು ಚೂರುಚೂರು ಮಾಡಿದೆ. ಮುಕ್ಕಾಲು ಗಂಟೆ ಕೂತರೆ ಐದು ನಿಮಿಷ ಮೆಟ್ಟಿಲು, ಬೆನ್ನಿಗೆ ಭಾರದ ಬ್ಯಾಗು. ಮೊದಲು ಬ್ಯಾಗಿನಲ್ಲಿ ನೀರಿನ ಕ್ಯಾನ್ ಇಟ್ಟಿದ್ದೆ. ಮುಚ್ಚಳ ಸಡಿಲವಾಗಿ ನೀರು ಬೆನ್ನಿಳಿದು, ಮೆಟ್ಟಿಲ ಮೇಲೆ ಹರಿದು, ಮೂರು ಮೆಟ್ಟಿಲು ಜಾರಿದೆ. ಆವತ್ತಿನಿಂದ ಹಳೇ ಪುಸ್ತಕ. ನಾಲ್ಕು ಕೆಜಿಯಿಂದ ಶುರುಮಾಡಿ ಹತ್ತರ ತನಕ ಹೋದೆ. ಊಟವಾದ ಮೇಲೆ ಹಾಲ್‌ನಲ್ಲೇ ಹತ್ತು ನಿಮಿಷ ನಡಿಗೆ. ವಾರಕ್ಕೆ ಮೂರು ದಿನ ಸ್ಕ್ವಾಟ್, ಪುಷ್‌ಅಪ್.  ಒಟ್ಟು ಸೇರಿಸಿದರೆ ವಾರದ ಲೆಕ್ಕ ಚೆನ್ನಾಗಿಯೇ ಆಗುತ್ತಿತ್ತು. ಆ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ ಬೇಕು ಅಂತ ಹೊಸ ಸಲಹೆ ಕೊಟ್ಟಿತು. ಒಮ್ಮೆಗೆ ಕನಿಷ್ಠ ಹತ್ತು ನಿಮಿಷ ಮಾಡಿದರೆ ಮಾತ್ರ ಲೆಕ್ಕ ಅನ್ನೋ ಹಳೇ ಮಾತನ್ನೂ ಕೈಬಿಟ್ಟಿತು. ನಾನು ನಾಲ್ಕು ತಿಂಗಳು ಮುಂದಿದ್ದೆ, ಅಲ್ವಾ?

ನಡುವೆ ಒಂದು ಎಡವಟ್ಟು. ಜಾಸ್ತಿ ಸ್ಕ್ವಾಟ್ ಹೊಡೆದ ಮರುದಿನವೇ ಟೆಸ್ಟಿಗೆ ರಕ್ತ ಕೊಟ್ಟೆ. ಲಿವರ್ ಟೆಸ್ಟಿನ ಇನ್ನೊಂದು ಅಂಕಿ, ಎಸ್‌ಜಿಒಟಿ, ನೂರು ದಾಟಿತ್ತು! ರಾತ್ರಿಯಿಡೀ ನಿದ್ದೆಯಿಲ್ಲ. ಅದು ಸ್ನಾಯುವಿನಿಂದಲೂ ಬರುತ್ತದೆ ಅಂತ ಡಾಕ್ಟರು ಹೇಳಿದ ಮೇಲೆ ಜೀವ ಬಂತು. ಒಂದು ವಾರ ಸುಮ್ಮನಿದ್ದು ಮತ್ತೆ ಕೊಟ್ಟೆ, ನಲವತ್ತರೊಳಗೆ. ಚಪಲ ನೋಡಿ, ನಿಜಾನಾ ಅಂತ ತಿಳಿಯಲು ಬೇಕಂತಲೇ ಸ್ಕ್ವಾಟ್ ಹೊಡೆದು ಮೂರನೇ ಸಲವೂ ಕೊಟ್ಟೆ. ಮತ್ತೆ ಏರಿತ್ತು. ಲ್ಯಾಬಿಗೆ ಸುರಿದ ದುಡ್ಡು ಮನೆಯವರಿಗೆ ಇನ್ನೂ ಗೊತ್ತಿಲ್ಲ.

2021ರ ಫೆಬ್ರವರಿಯಲ್ಲಿ ಸ್ಕ್ಯಾನ್ ಗ್ರೇಡ್ 1. ಎಸ್‌ಜಿಪಿಟಿ ಮೂವತ್ತೈದೋ ಏನೋ. ಲಿವರಿನ ಗಡಸುತನ, ಕೊಬ್ಬು ಅಳೆಯುವ ಫೈಬ್ರೋಸ್ಕ್ಯಾನ್‌ನಲ್ಲಿ ಕೊಬ್ಬಿನ ಅಂಕಿ ಮುನ್ನೂರು ಚಿಲ್ಲರೆಯಿಂದ ಇನ್ನೂರೈವತ್ತರ ಹತ್ತಿರಕ್ಕೆ. ತೂಕ 84 ಇದ್ದದ್ದು 81, ಅಷ್ಟೇ. ಬೆಲ್ಟು ಮಾತ್ರ ಎರಡು ತೂತು ಒಳಗೆ ಹೋಗಿತ್ತು. ಡಾಕ್ಟರು ಎರಡೂ ರಿಪೋರ್ಟು ಪಕ್ಕಪಕ್ಕ ಇಟ್ಟು, ಹೆಸರು ನನ್ನದೇನಾ ಅಂತ ನೋಡಿದರು.

ಭಾವನಿಗೂ ಈಗ ಗ್ರೇಡ್ 1 ಬಂದಿದೆ. ಬ್ಯಾಗಿಗೆ ಎಷ್ಟು ಕೆಜಿ ಹಾಕಲಿ ಅಂತ ಕೇಳುತ್ತಿದ್ದಾರೆ. ಮೊದಲ ತಿಂಗಳು ಖಾಲಿ ಬ್ಯಾಗೇ ಸಾಕು ಭಾವ ಅಂದಿದ್ದೇನೆ.