ರೀಮ್ಯಾಪ್ ಆದ ಲಾರಾಗೆ ಕ್ಲಚ್, ಫ್ಲೈವೀಲ್ ಆರಿಸಿದ್ದು

ರೀಮ್ಯಾಪ್ ಮಾಡಿಸಿದ, ಅಂದರೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಬಲ ಹೆಚ್ಚಿಸಿದ ಡೀಸೆಲ್ ಕಾರಿನಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ಎಂಜಿನ್ ಅಲ್ಲ, ಎಂಜಿನ್ನಿನ ಬಲವನ್ನು ಗೇರ್ ಬಾಕ್ಸಿಗೆ ದಾಟಿಸುವ ಕ್ಲಚ್. ನನ್ನದು ಸ್ಕೋಡಾ ಲಾರಾ 2.0 ಟಿಡಿಐ, ಆರು ಗೇರಿನ ಮ್ಯಾನುಯಲ್. ಕಂಪನಿಯಿಂದ ಬರುವಾಗ 140 ಪಿಎಸ್ ಶಕ್ತಿ, 320 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಆ ಟಾರ್ಕ್ ಅಷ್ಟೂ 1750 ಆರ್‌ಪಿಎಂನಲ್ಲೇ ಸಿಗುತ್ತದೆ. ರೀಮ್ಯಾಪ್ ಆದ ಮೇಲೆ ಅದು 400ರ ಆಸುಪಾಸಿಗೆ ಏರಿತು. ದಾವಣಗೆರೆಯಿಂದ ಹೆದ್ದಾರಿಯಲ್ಲಿ ಚಿತ್ರದುರ್ಗದ ಕಡೆ ಹೊರಟು, ಆನಗೋಡು ದಾಟಿ, ಐದನೇ ಗೇರಿನಲ್ಲಿ 2000 ಆರ್‌ಪಿಎಂ ಇರುವಾಗ ಆಕ್ಸಲರೇಟರ್ ಪೂರ್ತಿ ಒತ್ತಿದರೆ ಆರ್‌ಪಿಎಂ ಮುಳ್ಳು ಸರ್ರನೆ ಮೇಲೇರುತ್ತಿತ್ತು, ಕಾರಿನ ವೇಗ ಮಾತ್ರ ಇದ್ದಲ್ಲೇ ಇರುತ್ತಿತ್ತು. ಕ್ಲಚ್ ಸ್ಲಿಪ್ ಆಗುತ್ತಿದೆಯೇ, ಅಂದರೆ ಹಿಡಿತ ತಪ್ಪಿ ಜಾರುತ್ತಿದೆಯೇ ಎಂದು ನೋಡಲು ಹೀಗೆ ಮೇಲಿನ ಗೇರಿನಲ್ಲೇ ನೋಡಬೇಕು. ಒಂದನೇ, ಎರಡನೇ ಗೇರಿನಲ್ಲಿ ಕಾರು ಸಲೀಸಾಗಿ ಮುಂದಕ್ಕೆ ಓಡಿಬಿಡುವುದರಿಂದ ಗೊತ್ತೇ ಆಗುವುದಿಲ್ಲ.

ಹೊಸ ಕ್ಲಚ್ ಹುಡುಕಲು ಕುಳಿತರೆ ‘ಸ್ಟೇಜ್ 1’, ‘ಸ್ಟೇಜ್ 2’ ಎಂಬ ಹೆಸರುಗಳೇ ಎದುರಾಗುತ್ತವೆ. ಈ ಹೆಸರುಗಳಿಗೆ ಯಾವ ಏಕರೂಪದ ಅಳತೆಯೂ ಇಲ್ಲ. ಒಬ್ಬರ ಎರಡು ಇನ್ನೊಬ್ಬರ ಮೂರು. ಅವನ್ನು ಬದಿಗಿಟ್ಟು ನಾನು ಲೆಕ್ಕವನ್ನೇ ಹಿಡಿದೆ. ಒಂದು ಪ್ಲೇಟಿನ ಕ್ಲಚ್ ತಡೆಯುವ ಟಾರ್ಕ್ ಎಂದರೆ ಘರ್ಷಣಾಂಕ, ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಬಲ, ಪ್ಲೇಟಿನ ಸರಾಸರಿ ತ್ರಿಜ್ಯ ಇವುಗಳ ಗುಣಲಬ್ಧ, ಅದರ ಎರಡು ಪಟ್ಟು. ಏಕೆಂದರೆ ಪ್ಲೇಟಿಗೆ ಎರಡು ಮುಖ. ಘರ್ಷಣಾಂಕ 0.3, ಒತ್ತುವ ಬಲ 7000 ನ್ಯೂಟನ್, ತ್ರಿಜ್ಯ 10 ಸೆಂಟಿಮೀಟರ್ ಎಂದು ಹಿಡಿದರೆ 420 ನ್ಯೂಟನ್ ಮೀಟರ್ ಬರುತ್ತದೆ. ಹೊಸತರಲ್ಲಿ ಇಷ್ಟು ಇದ್ದರೂ ಪ್ಲೇಟಿನ ಮೇಲಿನ ಘರ್ಷಣೆಯ ಪದರವಾದ ಲೈನಿಂಗ್ ಸವೆದು, ಕಾದು, ಎಣ್ಣೆಯ ಪಸೆ ತಗುಲಿದರೆ ಈ ಸಂಖ್ಯೆ ಇಳಿಯುತ್ತದೆ.

ತ್ರಿಜ್ಯವನ್ನು ಹೆಚ್ಚಿಸಲು ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗಿನಲ್ಲಿ ಜಾಗವಿಲ್ಲ. ಉಳಿಯುವುದು ಎರಡೇ ದಾರಿ: ಘರ್ಷಣೆ ಹೆಚ್ಚಿರುವ ಲೈನಿಂಗ್, ಇಲ್ಲವೇ ಹೆಚ್ಚು ಒತ್ತುವ ಪ್ರೆಷರ್ ಪ್ಲೇಟ್.

ಸೆರಾಮಿಕ್ ಲೈನಿಂಗ್ ಶಾಖ ತಡೆಯುತ್ತದೆ, ಹಿಡಿತವೂ ಗಟ್ಟಿ. ಆದರೆ ಅದು ಮೆಲ್ಲಗೆ ಹಿಡಿಯುವುದನ್ನು ಅರಿಯದು. ಹಿಡಿದರೆ ಪೂರ್ತಿ, ಬಿಟ್ಟರೆ ಪೂರ್ತಿ. ರೇಸ್ ಟ್ರ್ಯಾಕಿನಲ್ಲಿ ಅದು ಸರಿ. ನನ್ನ ಕಾರು ದಿನವೂ ಮಂಡಿಪೇಟೆಯ ಇಕ್ಕಟ್ಟಿನಲ್ಲಿ ನುಸುಳಬೇಕು. ಮೆಕ್ಕೆಜೋಳದ ಸುಗ್ಗಿಯಲ್ಲಿ ಎಪಿಎಂಸಿ ಕಡೆ ಹೋದರೆ ಟ್ರ್ಯಾಕ್ಟರ್‌ಗಳ ಹಿಂದೆ ಮೊಳ ಮೊಳವೇ ಸಾಗಬೇಕು. ಅಲ್ಲಿ ಹಾಫ್ ಕ್ಲಚ್ ಇಲ್ಲದೆ ಬದುಕಿಲ್ಲ. ಕೆವ್ಲಾರ್ ಬಾಳಿಕೆಗೆ ಒಳ್ಳೆಯದು, ಆದರೆ ಒಮ್ಮೆ ಮಿತಿಮೀರಿ ಕಾದರೆ ಅದರ ಮೈ ಗಾಜಿನಂತೆ ನುಣುಪಾಗಿ ಹಿಡಿತ ಹೋಗುತ್ತದೆ. ಹಾಗಾಗಿ ಲೈನಿಂಗ್ ಸಾಮಾನ್ಯ ಆರ್ಗ್ಯಾನಿಕ್ ಆಗಿಯೇ ಇರಲಿ, ಒತ್ತಡ ಹೆಚ್ಚಿರುವ ಪ್ರೆಷರ್ ಪ್ಲೇಟ್ ಹಾಕೋಣ ಎಂದು ನಿಶ್ಚಯಿಸಿದೆ. ಪೆಡಲ್ ತುಸು ಬಿಗಿಯಾಗುತ್ತದೆ. ಅದನ್ನು ನಾನು ಒಪ್ಪಿಕೊಂಡೇ ಮುಂದುವರಿದೆ.

ಎಂಜಿನ್ನಿನ ತುದಿಯಲ್ಲಿ ತಿರುಗುವ, ಕ್ಲಚ್ ಕೂರುವ ಭಾರದ ಚಕ್ರವಾದ ಫ್ಲೈವೀಲ್ ವಿಷಯದಲ್ಲಿ ಗ್ಯಾರೇಜಿನಲ್ಲಿ ಹೆಚ್ಚು ಮಾತುಕತೆ ನಡೆಯಿತು. ಈ ಕಾರಿನಲ್ಲಿರುವುದು ಡ್ಯುಯಲ್ ಮಾಸ್ ಫ್ಲೈವೀಲ್: ಎರಡು ತೂಕದ ಚಕ್ರಗಳು, ನಡುವೆ ಗ್ರೀಸಿನಲ್ಲಿ ಕುಳಿತ ಬಿಲ್ಲಿನಾಕಾರದ ಸ್ಪ್ರಿಂಗುಗಳು. ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಪ್ರತಿ ಸುತ್ತಿಗೆ ಎರಡು ಬಾರಿ ಕ್ರ್ಯಾಂಕನ್ನು ಗುದ್ದುತ್ತದೆ. ಆ ಗುದ್ದು ಗೇರ್ ಬಾಕ್ಸಿಗೆ ತಲುಪದಂತೆ ತಡೆಯುವುದು ಈ ಸ್ಪ್ರಿಂಗುಗಳೇ. ಹಳೆಯದನ್ನು ಇಳಿಸಿದಾಗ ಅದರ ಮೈಮೇಲೆ ನೀಲಿ ಕಲೆಗಳಿದ್ದವು, ಅಂಚಿನಲ್ಲಿ ಕಪ್ಪು ಗ್ರೀಸ್ ಒಸರಿತ್ತು. ಕೈಯಲ್ಲಿ ತಿರುಗಿಸಿದರೆ ಹಿಂಬದಿಯ ಚಕ್ರ ಯಾವ ಎದುರುಬಲವೂ ಇಲ್ಲದೆ ಸಾಕಷ್ಟು ದೂರ ಸಾಗಿ, ಆಮೇಲೆ ಸ್ಪ್ರಿಂಗಿಗೆ ತಗುಲಿ ‘ಟಕ್’ ಎನ್ನುತ್ತಿತ್ತು.

“ಸರ್, ಸಾಲಿಡ್ ಫ್ಲೈವೀಲ್ ಹಾಕಿಬಿಡೋಣ. ಖರ್ಚೂ ಕಡಿಮೆ, ಮತ್ತೆ ಬಿಚ್ಚುವ ಗೋಳೂ ಇಲ್ಲ” ಎಂದರು ಮೇಸ್ತ್ರಿ.

“ಬೇಡ ಅಣ್ಣ, ಆ ಗುದ್ದೆಲ್ಲ ಗೇರ್ ಬಾಕ್ಸಿಗೆ ಹೋಗುತ್ತದೆ” ಎಂದೆ.

ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಸಾಲಿಡ್ ಫ್ಲೈವೀಲಿನಲ್ಲಿ ಸವೆಯುವ ಸ್ಪ್ರಿಂಗ್ ಇಲ್ಲ, ಡ್ಯುಯಲ್ ಮಾಸಿನ ಬೆಲೆಯೂ ಇಲ್ಲ. ಆದರೆ ಹರಿಹರದ ಗೆಳೆಯರೊಬ್ಬರ ಕಾರಿನಲ್ಲಿ ಅದನ್ನು ಹಾಕಿಸಿದ್ದನ್ನು ನಾನು ಓಡಿಸಿ ನೋಡಿದ್ದೆ. ನ್ಯೂಟ್ರಲ್‌ನಲ್ಲಿ ನಿಂತಿರುವಾಗ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದಂಥ ಸದ್ದು. ಕ್ಲಚ್ ಪೆಡಲ್ ಒತ್ತಿದೊಡನೆ ನಿಲ್ಲುತ್ತಿತ್ತು. ಅದು ಗೇರಿನ ಹಲ್ಲುಗಳು ಒಂದಕ್ಕೊಂದು ಬಡಿಯುವ ಸದ್ದು. ಇನ್ನು ಹಗುರ ಫ್ಲೈವೀಲ್ ಪೆಟ್ರೋಲ್ ಕಾರಿನವರ ಆಸೆ. ಮೇಲಿನ ಆರ್‌ಪಿಎಂಗಳಲ್ಲಿ ಓಡಿಸುವವರಿಗೆ ಅದರಿಂದ ಲಾಭವಿದೆ. 2000ದ ಆಚೀಚೆ ದುಡಿಯುವ ಡೀಸೆಲ್ ಎಂಜಿನ್ನಿಗೆ ತೂಕ ಕಳೆದರೆ ಐಡಲ್ ಹೊಯ್ದಾಡುತ್ತದೆ, ಏರಿನಲ್ಲಿ ಕಾರು ಎತ್ತುವಾಗ ಆಫ್ ಆಗುತ್ತದೆ. ಹೊಸ ಡ್ಯುಯಲ್ ಮಾಸನ್ನೇ ತರಿಸಿದೆ. ಹಳೆಯ ಡ್ಯುಯಲ್ ಮಾಸನ್ನು ಲೇತಿನಲ್ಲಿ ಸವರಿ ಮತ್ತೆ ಬಳಸುವ ಯೋಚನೆಯನ್ನು ಯಾರೂ ಮಾಡಬಾರದು.

ಎಷ್ಟು ತಡೆಯುವ ಕ್ಲಚ್ ಬೇಕು ಎಂಬುದು ಮುಂದಿನ ಪ್ರಶ್ನೆ. 600 ನ್ಯೂಟನ್ ಮೀಟರ್ ತಡೆಯುವ ಕಿಟ್‌ಗಳೂ ಸಿಗುತ್ತವೆ, ಅವನ್ನು ನಾನು ಮುಟ್ಟಲಿಲ್ಲ. ಲಾರಾದ ಗೇರ್ ಬಾಕ್ಸಿನ ಹೆಸರು ಎಂಕ್ಯೂ350. ಆ 350 ಎಂಬುದು ಅದಕ್ಕೆ ತಯಾರಕರು ಇಟ್ಟ ಟಾರ್ಕಿನ ಅಂಕೆ. ಕ್ಲಚ್ ಸ್ಲಿಪ್ ಆದರೆ ವಾಸನೆ ಬರುತ್ತದೆ, ಮುಳ್ಳು ಏರುತ್ತದೆ, ನಮಗೆ ತಿಳಿಯುತ್ತದೆ. ಗೇರಿನ ಹಲ್ಲು ಮುರಿಯುವ ಮುಂಚೆ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಎಂಜಿನ್ನಿಗಿಂತ ಹತ್ತಿಪ್ಪತ್ತು ಶೇಕಡಾ ಹೆಚ್ಚು ತಡೆಯುವ ಕ್ಲಚ್ ಸಾಕು. ಅದಕ್ಕಿಂತ ಗಟ್ಟಿಯಾದದ್ದು ಹೊರೆಯನ್ನು ಗೇರ್ ಬಾಕ್ಸಿನ ತಲೆಗೆ ಕಟ್ಟುತ್ತದೆ. ರೀಮ್ಯಾಪ್ (ಟ್ಯೂನ್) ಮಾಡಿದವರನ್ನೂ ಮತ್ತೆ ಕಂಡು, ಟಾರ್ಕಿನ ತುದಿಯನ್ನು 400ರಿಂದ ಸುಮಾರು 370ಕ್ಕೆ ಇಳಿಸಿ, 2000 ಆರ್‌ಪಿಎಂ ತನಕ ನಿಧಾನವಾಗಿ ಏರುವಂತೆ ಮಾಡಿಸಿದೆ. ಓಡಿಸುವವನಿಗೆ ವ್ಯತ್ಯಾಸ ಗೊತ್ತಾಗುವುದು ತೀರಾ ಕಡಿಮೆ, ಕ್ಲಚ್ಚಿಗೆ ಮತ್ತು ಫ್ಲೈವೀಲಿಗೆ ಬಹಳ. ಒಳ್ಳೆಯ ಕ್ಲಚ್ ಆರಿಸುವುದೆಂದರೆ ಅರ್ಧ ಕೆಲಸ ಈ ಟಾರ್ಕ್ ಏರಿಳಿತದ ಗ್ರಾಫಿನಲ್ಲೇ ಇದೆ ಎಂದು ನಾನು ಬಲವಾಗಿ ನಂಬುತ್ತೇನೆ.

ಗೇರ್ ಬಾಕ್ಸ್ ಇಳಿಸಿದ ಮೇಲೆ ಕೂಲಿ ಒಂದೇ, ಆದ್ದರಿಂದ ಒಳಗಿನದ್ದೆಲ್ಲ ಅದೇ ಸಲಕ್ಕೆ ಮುಗಿಸಿದೆ. ಈ ಕಾರಿನಲ್ಲಿ ಪೆಡಲ್ ಒತ್ತಿದಾಗ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗ್ ಮತ್ತು ಕ್ಲಚ್ ಸಿಲಿಂಡರ್ ಒಂದೇ ಜೋಡಣೆ, ಬೆಲ್ ಹೌಸಿಂಗಿನ ಒಳಗೇ ಕುಳಿತಿರುತ್ತದೆ. ಆಮೇಲೆ ಸೋರಿದರೆ ಗೇರ್ ಬಾಕ್ಸನ್ನೇ ಮತ್ತೆ ಇಳಿಸಬೇಕು. ಹೆಚ್ಚು ಒತ್ತುವ ಪ್ರೆಷರ್ ಪ್ಲೇಟ್ ಇದರ ಮೇಲೂ ಹೆಚ್ಚು ಭಾರ ಹಾಕುತ್ತದೆ, ಹಳೆಯದನ್ನು ಬಿಡುವ ಮಾತೇ ಇರಲಿಲ್ಲ. ಕ್ರ್ಯಾಂಕಿನ ಹಿಂಬದಿಯ ಸೀಲ್ ಎಲ್ಲೂ ಸೋರಿರಲಿಲ್ಲ, ಅದನ್ನು ಮುಟ್ಟಲಿಲ್ಲ. ಫ್ಲೈವೀಲಿನ ಬೋಲ್ಟುಗಳು ಬಿಗಿಯುವಾಗ ಹಿಗ್ಗುವ ಜಾತಿಯವು, ಮರುಬಳಕೆಗೆ ಬರುವುದಿಲ್ಲ. ಹೊಸವನ್ನು 60 ನ್ಯೂಟನ್ ಮೀಟರಿಗೆ ಬಿಗಿದು, ಆಮೇಲೆ 90 ಡಿಗ್ರಿ ತಿರುಗಿಸಬೇಕು. ಮೇಸ್ತ್ರಿ ಪ್ರತಿ ಬೋಲ್ಟಿನ ತಲೆಗೂ ಬಿಳಿ ಬಣ್ಣದ ಗೆರೆ ಎಳೆದು, ಗೆರೆ ಕಾಲು ಸುತ್ತು ಬಂದಿದೆಯೇ ಎಂದು ಬೆರಳಿಟ್ಟು ನೋಡುತ್ತ ಹೋದರು. ಕೆಲವು ಪ್ರೆಷರ್ ಪ್ಲೇಟುಗಳಲ್ಲಿ ಸವೆತಕ್ಕೆ ತಕ್ಕಂತೆ ತಾನೇ ಸರಿದುಕೊಳ್ಳುವ ರಿಂಗ್ ಇರುತ್ತದೆ. ಅಂಥದ್ದನ್ನು ಅದರ ಉಪಕರಣವಿಲ್ಲದೆ ಕೂರಿಸಿದರೆ ರಿಂಗ್ ಮೊದಲೇ ಸರಿದು ಹೊಸ ಕ್ಲಚ್ ಹಾಳಾಗುತ್ತದೆ. ಗ್ಯಾರೇಜ್ ಆರಿಸುವಾಗ ಈ ಉಪಕರಣ ಇದೆಯೇ ಎಂದು ಕೇಳಿ.

ಹೊಸ ಕ್ಲಚ್ಚಿನ ಮುಖಗಳು ಒಂದಕ್ಕೊಂದು ಕೂರುವ ತನಕ ಕಂಪನಿಯ ಮೂಲ ಮ್ಯಾಪನ್ನೇ ಹಾಕಿಸಿ, ಊರೊಳಗೇ ಓಡಿಸಿದೆ. ಹೆದ್ದಾರಿಯ ಓಟಕ್ಕಿಂತ ಗೇರ್ ಬದಲಿಸುವ, ನಿಂತು ಹೊರಡುವ ಊರಿನ ಓಟವೇ ಇದಕ್ಕೆ ಬೇಕಾದದ್ದು. ಆ ಮೇಲೆ ಟ್ಯೂನ್ ಮರಳಿ ಹಾಕಿಸಿ ಭರಮಸಾಗರದ ಕಡೆ ಅದೇ ಐದನೇ ಗೇರಿನಲ್ಲಿ ಒತ್ತಿ ನೋಡಿದಾಗ ಮುಳ್ಳು ಮತ್ತು ವೇಗ ಜೊತೆಜೊತೆಯಾಗಿ ಏರಿದವು. ಆರನೇ ಗೇರಿನಲ್ಲಿ 1500ಕ್ಕಿಂತ ಕೆಳಗೆ ಪೂರ್ತಿ ಒತ್ತುವುದನ್ನು ಮಾತ್ರ ನಿಲ್ಲಿಸಿದ್ದೇನೆ. ಡ್ಯುಯಲ್ ಮಾಸಿನ ಸ್ಪ್ರಿಂಗುಗಳನ್ನು ಕೊಲ್ಲುವುದು ವೇಗವಲ್ಲ, ಆ ಎಳೆತ. ಒಂದು ಗೇರ್ ಇಳಿಸಿ ಒತ್ತಿದರೆ ಲಾರಿಗಳನ್ನು ಅಷ್ಟೇ ಬೇಗ ದಾಟಬಹುದು.