ಒಂದೇ ತುಂಡನ್ನು ಎರಡು ಸಲ ಕಾಯಿಸುವುದು ಯಾಕೆ

ಕಾರವಾರದಲ್ಲಿ ನನ್ನ ಹತ್ತಿರ ಪಾಠಕ್ಕೆ ಬರುವ ಹುಡುಗರಿಗೆ ಕೈಗಾ ಅಣುವಿದ್ಯುತ್ ಸ್ಥಾವರದ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು, 2018ರ ಕೊನೆಗೆ ಮೊದಲ ಘಟಕ 962 ದಿನ ನಿಲ್ಲದೆ ಓಡಿದ್ದು, ಎಲ್ಲ ಬಾಯಿಪಾಠ. ಆದರೆ ಒಳಗೆ ಇಂಧನ ಕೂರುವ ಪ್ರೆಷರ್ ಟ್ಯೂಬ್ ಯಾವ ಲೋಹದ್ದು ಅಂದರೆ ಸ್ಟೀಲ್ ಅನ್ನುತ್ತಾರೆ. ಅದು ಜಿರ್ಕೋನಿಯಂ, ಜೊತೆಗೆ ಶೇಕಡಾ 2.5ರಷ್ಟು ನಿಯೋಬಿಯಂ. ಇಂಥ ಲೋಹದಲ್ಲಿ ಹೈಡ್ರೋಜನ್ ಎಷ್ಟಿದೆ, ಹೇಗಿದೆ ಎಂದು ನೋಡುವುದೇ ನನ್ನ ಕೆಲಸವಾಗಿತ್ತು, ಹೊರರಾಜ್ಯದ ಒಂದು ಪ್ರಯೋಗಾಲಯದಲ್ಲಿ.

ಟ್ಯೂಬಿನೊಳಗೆ 300 ಡಿಗ್ರಿ ಹತ್ತಿರದ ಬಿಸಿಯಲ್ಲಿ ಭಾರಜಲ ಹರಿಯುತ್ತದೆ. ಆಮ್ಲಜನಕ ಲೋಹದ ಮೇಲೆ ಆಕ್ಸೈಡ್ ಆಗಿ ಕೂರುತ್ತದೆ. ಬಿಡುಗಡೆಯಾದ ಡ್ಯುಟೀರಿಯಂನಲ್ಲಿ, ಅಂದರೆ ಭಾರದ ಹೈಡ್ರೋಜನ್‌ನಲ್ಲಿ, ಸ್ವಲ್ಪ ಪಾಲು ಲೋಹದೊಳಗೆ ಇಳಿಯುತ್ತದೆ. ಬಿಸಿಯಲ್ಲಿ ಕರಗಿರುತ್ತದೆ, ತಣ್ಣಗಾದರೆ ಲೋಹದ ಜೊತೆ ಸೇರಿ ಪೆಡಸಾದ ಹೈಡ್ರೈಡ್ ಆಗುತ್ತದೆ. 1983ರಲ್ಲಿ ಕೆನಡಾದ ಪಿಕರಿಂಗ್‌ನಲ್ಲಿ ಒಂದು ಟ್ಯೂಬ್ ಸೀಳಿದ್ದು ಹೈಡ್ರೈಡ್ ಬೊಕ್ಕೆಗಳಿಂದಲೇ. ಅದು ಜಿರ್ಕಲಾಯ್-2 ಎಂಬ ಬೇರೆ ಜಿರ್ಕೋನಿಯಂ ಮಿಶ್ರಲೋಹದ ಟ್ಯೂಬ್. ಹೈಡ್ರೋಜನ್ ಲೋಹವನ್ನು ಕೆಡಿಸುತ್ತದೆ ಅನ್ನುವುದು ನಮ್ಮ ವೆಲ್ಡಿಂಗ್‌ನವರಿಗೂ ಗೊತ್ತು. ಮಳೆಗಾಲದಲ್ಲಿ ಲೋ-ಹೈಡ್ರೋಜನ್ ರಾಡನ್ನು ಓವನ್‌ನಲ್ಲಿ ಕಾಯಿಸದೆ ಹಿಡಿಯುವುದಿಲ್ಲ, ಅಲ್ವಾ?

ಮೊದಲು ವಿಕಿರಣ ತಾಗದ ತುಂಡಿನಿಂದ ಶುರು ಮಾಡುತ್ತಿದ್ದೆ. ತೆಳು ಸಲ್ಫ್ಯೂರಿಕ್ ಆಮ್ಲದಲ್ಲಿ ಅದನ್ನು ಕ್ಯಾಥೋಡ್ ಮಾಡಿ ಕರೆಂಟ್ ಹರಿಸಿದರೆ ಮೇಲೆ ಹೈಡ್ರೈಡ್ ಪದರ ಬರುತ್ತದೆ. ಕುಲುಮೆಯಲ್ಲಿಟ್ಟರೆ ಹೈಡ್ರೋಜನ್ ಒಳಗೆಲ್ಲ ಹರಡುತ್ತದೆ. ನಿಧಾನ ತಣಿಸಿ, ಎಮೆರಿ ಕಾಗದದಲ್ಲಿ ಉಜ್ಜಿ, ಆಮ್ಲದಲ್ಲಿ ಅದ್ದಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪು ಗೆರೆಗಳು, ಅವೇ ಹೈಡ್ರೈಡ್. ಅದ್ದುವ ಆಮ್ಲದಲ್ಲಿರುವ ಹೈಡ್ರೋಫ್ಲೂರಿಕ್ ಆಮ್ಲ ಮಾತ್ರ ಹುಷಾರು, ಚರ್ಮದ ಒಳಗೇ ಇಳಿದುಬಿಡುತ್ತದೆ.

ಆಮೇಲೆ ಸಣ್ಣ ಚೂರನ್ನು ಕ್ಯಾಲೊರಿಮೀಟರಿನಲ್ಲಿ, ಅಂದರೆ ಚೂರು ಹೀರುವ ಶಾಖವನ್ನು ಅಳೆದು ಗೆರೆಯಾಗಿ ಬರೆಯುವ ಯಂತ್ರದಲ್ಲಿ, ಒಂದೇ ವೇಗದಲ್ಲಿ ಕಾಯಿಸುವುದು. ಹೈಡ್ರೈಡ್ ಪೂರ್ತಿ ಕರಗುವ ಜಾಗದಲ್ಲಿ ಆ ಗೆರೆ ಮುರಿಯುತ್ತದೆ. ಆ ಉಷ್ಣತೆಯಿಂದ ಹೈಡ್ರೋಜನ್ ಎಷ್ಟು ಎಂದು ಲೆಕ್ಕ ಹಾಕಬಹುದು.

ರಿಯಾಕ್ಟರಿನಿಂದ ಬಂದ ಚೂರಿಗೆ ಇದೇ ಲೆಕ್ಕ ಹಿಡಿದರೆ ತಾಳೆ ಬೀಳುವುದಿಲ್ಲ. ಅದನ್ನು ಹಾಟ್ ಸೆಲ್ ಎಂಬ ವಿಕಿರಣ ತಡೆಯುವ ಕೋಣೆಯಲ್ಲಿ, ಸೀಸದ ಗಾಜಿನ ಹಿಂದೆ ಯಂತ್ರದ ಕೈಗಳಿಂದ ಕತ್ತರಿಸಬೇಕು, ಅದೇ ಅರ್ಧ ದಿನದ ಕೆಲಸ. ಕಾಯಿಸಿದರೆ ಹೈಡ್ರೈಡ್ ಬೇಗ, ಕಡಿಮೆ ಉಷ್ಣತೆಯಲ್ಲೇ ಕರಗಿ ಮುಗಿಯುತ್ತದೆ. ಹಾಗಾದರೆ ಹೈಡ್ರೋಜನ್ ಕಡಿಮೆ ಇದೆಯೇ? ಇಲ್ಲ. ನಿರ್ವಾತದಲ್ಲಿ ಚೆನ್ನಾಗಿ ಕಾಯಿಸಿ ಅನಿಲವನ್ನೆಲ್ಲ ಹೊರತೆಗೆದು ಅಳೆದರೆ ಜಾಸ್ತಿಯೇ ಸಿಗುತ್ತದೆ.

ನ್ಯೂಟ್ರಾನ್ ಹೊಡೆತಕ್ಕೆ ಪರಮಾಣುಗಳು ಜಾಗ ಬಿಟ್ಟು ಕದಲುತ್ತವೆ. ಖಾಲಿ ಜಾಗಗಳು, ಸಣ್ಣ ಸುರುಳಿಯಂಥ ದೋಷಗಳು ಉಳಿಯುತ್ತವೆ. ಶಿರಸಿ ಘಟ್ಟದ ರಸ್ತೆಯ ಹೊಂಡಗಳಲ್ಲಿ ಮಳೆನೀರು ನಿಂತಂತೆ ಹೈಡ್ರೋಜನ್ ಅಲ್ಲಲ್ಲೇ ನಿಲ್ಲುತ್ತದೆ. ಹೈಡ್ರೈಡ್ ಆಗಲು ಉಳಿಯುವುದು ಕಡಿಮೆ.

ಅದಕ್ಕೇ ಎರಡು ಸಲ ಕಾಯಿಸುವುದು. ಮೊದಲ ಸಲ ಕರಗಿದ ಕೂಡಲೇ ನಿಲ್ಲಿಸಬೇಕು, ಸುಮ್ನೆ ಮೇಲೆ ಒಯ್ದರೆ ದೋಷಗಳು ಮಾಯಲು ಶುರುವಾಗುತ್ತವೆ. ಆಮೇಲೆ 500 ಡಿಗ್ರಿ ದಾಟಿಸಿ ಇಟ್ಟು, ತಣಿಸಿ, ಮತ್ತೆ ಓಡಿಸಿದರೆ ಗೆರೆ ಮುರಿಯುವ ಜಾಗ ಮೇಲಕ್ಕೆ ಸರಿಯುತ್ತದೆ. ಆ ಅಂತರವೇ ದೋಷಗಳು ಹಿಡಿದಿಟ್ಟಿದ್ದರ ಗುರುತು.

“ಹಾಗಾದ್ರೆ ವಿಕಿರಣ ಒಳ್ಳೇದೇ ಮಾಡ್ತು ಅಲ್ವಾ ಸರ್?” ಎಂದು ಒಬ್ಬ ಕೇಳಿದ. ಒಪ್ಪುವ ಮಾತಲ್ಲ. ಅದೇ ದೋಷಗಳು ಲೋಹವನ್ನು ಗಡುಸು ಮಾಡುತ್ತವೆ, ಬಿರುಕಿನ ತುದಿಯಲ್ಲಿ ಒತ್ತಡ ಏರುತ್ತದೆ, ಹೈಡ್ರೈಡ್ ಬಿರುಕು ಇನ್ನೂ ಬೇಗ ಬೆಳೆಯುತ್ತದೆ. ಹಾಗಾಗಿ ವರದಿಯಲ್ಲಿ ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಹೈಡ್ರೋಜನ್ ಎಷ್ಟು ಪಾಲು ಅನ್ನುವುದು, ಒಂದನ್ನೇ ಬರೆದರೆ ನಾನು ಒಪ್ಪುವುದಿಲ್ಲ. ಎರಡೂ ಉಷ್ಣತೆ ಬೇಕು, ಚೂರು ಟ್ಯೂಬಿನ ಯಾವ ತುದಿಯದು ಅನ್ನುವುದೂ ಬೇಕು. ನೀರು ಒಳಬರುವ ತುದಿಗಿಂತ ಹೊರಹೋಗುವ ತುದಿ ಬಿಸಿ ಜಾಸ್ತಿ.