ತುಂಗೆಯ ಕೆಂಪು ನೀರು, ಒಂದು ಗಾಜಿನ ಕೊಳವೆ, ಐದು ಬ್ಯಾಟರಿ

ಜುಲೈ ಬಂತು ಅಂದ್ರೆ ತೀರ್ಥಹಳ್ಳಿಯಲ್ಲಿ ಹೊಳೆ ಕೆಂಪಾಗುತ್ತದೆ. ಒಂದು ಬಾಟಲಿ ನೀರು ತಂದು ಕಿಟಕಿಯಲ್ಲಿಟ್ಟೆ. ಮರಳು ಬೇಗ ತಳ ಸೇರಿತು. ಉಳಿದ ಕೆಂಪು ನಾಲ್ಕು ದಿನವಾದರೂ ಇಳಿಯಲಿಲ್ಲ. ಜೇಡಿಯ ಸಣ್ಣ ಕಣಗಳ ಮೈಮೇಲೆ ಋಣ ವಿದ್ಯುತ್ ಇರುತ್ತದೆ, ಅವು ಒಂದನ್ನೊಂದು ದೂರ ತಳ್ಳುತ್ತವೆ. ಇದನ್ನು ಪಾಠ ಮಾಡಿ ಮಾಡಿ ಸಾಕಾಗಿತ್ತು. ಈ ಸಲ ಅಳೆದೇ ಬಿಡೋಣ ಅನ್ನಿಸಿತು.

ಕಣಕ್ಕೆ ಮೀಟರಿನ ಕಡ್ಡಿ ಮುಟ್ಟಿಸಲು ಆಗಲ್ಲ. ನೀರಿಗೆ ವೋಲ್ಟೇಜ್ ಕೊಟ್ಟು, ಕಣ ಎಷ್ಟು ಜೋರಾಗಿ ಓಡುತ್ತದೆ ಅಂತ ನೋಡಬೇಕು. ಜೇಡಿಕಣಗಳು ಹೀಗೆ ಓಡುವುದನ್ನು 1809ರಲ್ಲೇ ಮಾಸ್ಕೋದ ವಿಜ್ಞಾನಿ ರಾಯ್ಸ್ ವರದಿ ಮಾಡಿದ್ದರು. ಓಟದಿಂದ ಲೆಕ್ಕ ಹಾಕಿದರೆ ಸಿಗುವುದು ಝೀಟಾ ಪೊಟೆನ್ಶಿಯಲ್, ಅಂದರೆ ಕಣಕ್ಕೆ ಅಂಟಿಕೊಂಡೇ ಸಾಗುವ ತೆಳು ನೀರಿನ ಪದರದ ಹೊರ ಅಂಚಿನ ವೋಲ್ಟೇಜ್.

ಫೋಟೋ ಫ್ರೇಮ್ ಹಾಕುವ ಅಂಗಡಿಯಲ್ಲಿ ಎರಡು ಗಾಜಿನ ಪಟ್ಟಿ ಕತ್ತರಿಸಿಕೊಂಡೆ. ನಡುವೆ 1 ಮಿ.ಮೀ. ಸಂದು ಬಿಟ್ಟು ಅರಾಲ್ಡೈಟ್ ಹಚ್ಚಿದೆ. ಎರಡು ತುದಿಗೆ ಪೆನ್ಸಿಲ್ ಕಡ್ಡಿ, ನಡುವೆ 10 ಸೆಂ.ಮೀ. ದೂರ. 9 ವೋಲ್ಟಿನ ಐದು ಬ್ಯಾಟರಿ ಸಾಲಾಗಿ ಜೋಡಿಸಿದರೆ ಸೆಂಟಿಮೀಟರಿಗೆ 4.5 ವೋಲ್ಟ್. ಪಕ್ಕದಿಂದ ಟಾರ್ಚ್ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಬೆಳಕಿನ ಹೆಂಚಿಂದ ಬಿದ್ದ ಬಿಸಿಲುಕೋಲಿನಲ್ಲಿ ದೂಳು ಮಿನುಗುತ್ತಲ್ವಾ, ಥೇಟ್ ಹಾಗೆ.

ಸ್ವಿಚ್ ಒತ್ತಿದೆ. ಕಣಗಳು ಋಣ ತುದಿಯ ಕಡೆಗೆ ಹೊರಟವು! ಅರ್ಧ ಗಂಟೆ ವೈರುಗಳನ್ನು ಅನುಮಾನಿಸಿದೆ. ಆಮೇಲೆ ಹೊಳೆಯಿತು, ಮೈಕ್ರೋಸ್ಕೋಪು ಎಡ ಬಲ ತಿರುಗಿಸಿ ತೋರಿಸುತ್ತದೆ.

ಅದಕ್ಕಿಂತ ದೊಡ್ಡ ಪೇಚು ಆಳದ್ದು. ಫೋಕಸ್ ಮೇಲೆ ಕೆಳಗೆ ಮಾಡಿದರೆ ಓಟದ ವೇಗವೇ ಬೇರೆ. ನಡುವೆ ಜೋರು, ಗೋಡೆಯ ಪಕ್ಕ ನಿಧಾನ, ಕೆಲವು ಹಿಂದಕ್ಕೇ ಹೋಗುತ್ತಿದ್ದವು. ಗಾಜಿನ ಮೈಯೂ ಋಣವೇ ತಾನೆ, ಅದರ ಪಕ್ಕ ಧನ ವಿದ್ಯುತ್ ಸೇರಿಕೊಂಡ ನೀರು ಋಣ ತುದಿಯ ಕಡೆ ಹರಿಯುತ್ತದೆ. ಕೊಳವೆ ಎರಡೂ ಕಡೆ ಮುಚ್ಚಿರುವುದರಿಂದ ನಡುವಿನಿಂದ ವಾಪಸ್ ಬರುತ್ತದೆ. ನೀರು ನಿಂತೇ ಇರುವ ಮಟ್ಟ ಒಂದಿದೆ. ಚಪ್ಪಟೆ ಕೊಳವೆಯಲ್ಲಿ ಅದು ಗೋಡೆಯಿಂದ ಸಂದಿನ ಸುಮಾರು 21 ಪರ್ಸೆಂಟ್ ಒಳಗೆ, ನನ್ನದರಲ್ಲಿ 0.21 ಮಿ.ಮೀ. ಹೊಳೆಯ ತಳ ಮೇಲಿಂದ ಹತ್ತಿರ ಕಾಣುತ್ತಲ್ವಾ? ಅದೇ ಕಾರಣಕ್ಕೆ ಮೈಕ್ರೋಸ್ಕೋಪನ್ನು 0.16 ಮಿ.ಮೀ. ಇಳಿಸಿದರೆ ಸಾಕು. ಈ ಮಟ್ಟ ಹಿಡಿಯದೆ ಬರೆದುಕೊಂಡ ಎರಡು ಪುಟ ಹರಿದು ಹಾಕಿದೆ.

ಸರಿಯಾದ ಮಟ್ಟದಲ್ಲಿ 100 ಮೈಕ್ರಾನ್, ಅಂದರೆ 0.1 ಮಿ.ಮೀ., ದಾಟಲು ಕಣಗಳಿಗೆ ಸರಾಸರಿ 11 ಸೆಕೆಂಡ್ ಬೇಕಾಯಿತು. ಅಂದರೆ ಸೆಕೆಂಡಿಗೆ 9 ಮೈಕ್ರಾನ್. 4.5ರಿಂದ ಭಾಗಿಸಿದರೆ 2. ಓಟದಿಂದ ಝೀಟಾ ಲೆಕ್ಕ ಹಾಕುವ ಸ್ಮೊಲುಕೋವ್ಸ್ಕಿ ಸೂತ್ರದ ಪ್ರಕಾರ, 25 ಡಿಗ್ರಿ ನೀರಿಗೆ ಅದನ್ನು 12.8ರಿಂದ ಗುಣಿಸಬೇಕು. ಸುಮಾರು ಮೈನಸ್ 26 ಮಿಲಿವೋಲ್ಟ್. 30 ದಾಟಿದರೆ ಮಾತ್ರ ಕಣ ತೇಲಿಯೇ ಇರುತ್ತದೆ ಅನ್ನುವುದು ರೂಢಿಯ ಲೆಕ್ಕ. ಕಿಟಕಿಯ ಬಾಟಲಿ ನೋಡಿದ ಮೇಲೆ ನಾನು ಆ ಗೆರೆಯನ್ನು ಅಷ್ಟಾಗಿ ನಂಬಲ್ಲ.

ಕಣ ಜಾಸ್ತಿ ಇದೆ ಅಂತ ಒಮ್ಮೆ ಬ್ಯಾಟರಿಗೆ ಹಾಕುವ ಶುದ್ಧ ನೀರು ಬೆರೆಸಿದೆ. ತಪ್ಪು. ಉಪ್ಪಿನಂಶ ತೆಳುವಾದರೆ ಝೀಟಾವೇ ಬದಲಾಗುತ್ತದೆ. ಅದೇ ಹೊಳೆಯ ನೀರನ್ನು ಸೋಸಿ, ತಿಳಿಯಾಗಿ ಬಂದದ್ದನ್ನೇ ಬೆರೆಸಬೇಕು. ಕಡ್ಡಿಯ ಬಳಿ ಗುಳ್ಳೆ ಎದ್ದರೂ ಕಣಗಳೆಲ್ಲ ಒಂದೇ ಕಡೆ ಜಾರುತ್ತವೆ. ಅದಕ್ಕೆ ಪ್ರತಿ ಓಟಕ್ಕೂ ವೈರ್ ಅದಲು ಬದಲು ಮಾಡಿ ಸರಾಸರಿ ತೆಗೆದೆ.

ಕೊನೆಗೆ ಅಮ್ಮನ ಹಂಡೆ. ಅವರು ಕೆಂಪು ನೀರಲ್ಲಿ ಪಟಕದ ತುಂಡನ್ನು ಎರಡು ಸುತ್ತು ತಿರುಗಿಸಿ ತೆಗೆಯುತ್ತಾರೆ. "ಇನ್ನೂ ಎರಡು ಸುತ್ತು ತಿರುಗಿಸಮ್ಮ" ಅಂದೆ. "ಜಾಸ್ತಿ ಆದ್ರೆ ನೀರು ಒಗರಾಗುತ್ತೆ ಮಾರಾಯ, ಸುಮ್ನಿರು" ಅಂದರು. ಆಗಷ್ಟೇ ಕಲಕಿದ ಆ ನೀರನ್ನೇ ಕೊಳವೆಗೆ ತುಂಬಿದೆ. ಪಟಕದ ಅಲ್ಯೂಮಿನಿಯಂ ಕಣದ ಋಣವನ್ನು ತಿಂದುಹಾಕುತ್ತದೆ. ಸ್ವಿಚ್ ಒತ್ತಿದರೂ ಕಣಗಳು ಎತ್ತಲೂ ಹೋಗಲಿಲ್ಲ. ನಿಂತಲ್ಲೇ ನಡುಗುತ್ತಾ, ಎರಡು ಮೂರು ಸೇರಿ, ಹತ್ತಿಯ ಎಳೆಯ ಹಾಗೆ ಗಂಟಾಗಿ, ನಾನು ಫೋಕಸ್ ಹಿಡಿದ ಮಟ್ಟದಿಂದ ಕೆಳಗೆ ಇಳಿದವು.